ಶೀಲ್ಡ್ ಮಡೆಪ್ಪನ ಉಸಿರು

ಮಡೆಪ್ಪ ಅರ್ಧ ಕಪ್ಪು ಚಹಾ ಬಿಟ್ಟು ಎದ್ದುಹೋದ ಎಂದರೆ ನಮ್ಮ ಚಿದ್ರಿ ಓಣಿಯಲ್ಲಿ ಯಾರೂ ನಂಬುವುದಿಲ್ಲ. ಆದರೆ ನಾನು ಅದೇ ಬೆಂಚಿನ ಮೇಲೆ ಕೂತಿದ್ದೆ, ಕಣ್ಣಾರೆ ಕಂಡಿದ್ದೇನೆ. ಮೂವತ್ತನಾಲ್ಕು ವರ್ಷದಿಂದ ಬಸ್ ಕಂಡಕ್ಟರ್ ಆಗಿರುವ ಈ ಮನುಷ್ಯ ಚಹಾಕ್ಕಾಗಿ ಬಸ್ಸು ನಿಲ್ಲಿಸಿದ್ದಾನೆ, ಬಸ್ಸಿಗಾಗಿ ಚಹಾ ಬಿಟ್ಟ ದಾಖಲೆ ಇಡೀ ಬೀದರ ಜಿಲ್ಲೆಯಲ್ಲಿಲ್ಲ.

ನಾನು ಕಾಶೀರಾಮ, ನಿವೃತ್ತ ಡ್ರಾಯಿಂಗ್ ಮಾಸ್ತರ. ಮಡೆಪ್ಪನ ಮನೆಗೂ ನಮ್ಮ ಮನೆಗೂ ಗೋಡೆ ಒಂದೇ. ಅಲ್ಲಿ ಒಗ್ಗರಣೆ ಹಾಕಿದರೆ ಇಲ್ಲಿ ನಾನು ಸೀನುತ್ತೇನೆ. ಕಬಡ್ಡಿ ನನಗೆ ಸೇರುವುದಿಲ್ಲ. ಆ ಆಟದಲ್ಲಿ ಎಲ್ಲವೂ ಗೆರೆಯ ಮೇಲೆ ನಿಂತಿದೆ, ಮತ್ತು ಸ್ಕೇಲು ಇಡದೆ ಎಳೆದ ಗೆರೆಯನ್ನು ನಾನು ಜನ್ಮದಲ್ಲಿ ನಂಬಿದವನಲ್ಲ. ಆದರೆ ಮಡೆಪ್ಪನ ಪಕ್ಕದ ಮನೆಯಲ್ಲಿದ್ದುಕೊಂಡು ಕಬಡ್ಡಿಯಿಂದ ತಪ್ಪಿಸಿಕೊಳ್ಳುವುದು ಸಾಧ್ಯವಿಲ್ಲ. ಮೂವತ್ತೈದು ವರ್ಷದ ಹಿಂದೆ ಭಾಲ್ಕಿ ತಂಡ ಔರಾದ ತಂಡವನ್ನು ಒಂದೇ ಒಂದು ಅಂಕದಿಂದ ಸೋಲಿಸಿ ಜಿಲ್ಲೆಯ ಶೀಲ್ಡ್ ಗೆದ್ದಿತು. ಆ ಒಂದು ಅಂಕ ತಂದವನು ಇವನು. ತಂಡದವರು ಖುಷಿಯಾಗಿ ಶೀಲ್ಡನ್ನು ಇವನ ಮನೆಯಲ್ಲೇ ಇಟ್ಟರು. ಶೀಲ್ಡಿನಿಂದ ಆಟಗಾರರ ಕೋಟಾದಲ್ಲಿ ನೌಕರಿ ಬಂತು, ನೌಕರಿಯಿಂದ ಭಾಲ್ಕಿಯ ಶಿವಕಾಂತಾ ಹೆಂಡತಿಯಾಗಿ ಬಂದಳು. ಈಗ ಅದು ಟೀವಿಯ ಮೇಲೆ ನೇತಾಡುತ್ತದೆ, ಓಣಿ ಅವನನ್ನು ಶೀಲ್ಡ್ ಮಡೆಪ್ಪ ಎಂದೇ ಕರೆಯುತ್ತದೆ.

ಆವತ್ತು ಕರೀಮ ಸಾಬನ ಹೋಟೆಲಿನ ಟೀವಿಯಲ್ಲಿ ಒಂದು ಸುದ್ದಿ ಓಡುತ್ತಿತ್ತು. ಯಾವುದೋ ದೊಡ್ಡ ಲೀಗಿನ ಹೆಸರಾಂತ ರೇಡರ್ ಒಬ್ಬ ಫೈನಲ್ಲಿನಲ್ಲಿ ಉಸಿರು ಕದ್ದಿದ್ದ. ಎದುರಾಳಿಯ ಅಂಗಳಕ್ಕೆ ಹೋದವನು ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತ ನಡುಗೆರೆಗೆ ವಾಪಸು ಬರಬೇಕಲ್ಲ, ಈ ಭೂಪ ನಡುವೆ ಉಸಿರು ಬಿಟ್ಟು, ಬರೀ ಬಾಯಿ ಆಡಿಸುತ್ತ ಬಂದಿದ್ದ. ಮೈಕಿನಲ್ಲಿ ಸಿಕ್ಕಿಬಿದ್ದ. ಕೇಳಿದ್ದಕ್ಕೆ, "ಇದು ನಮ್ಮ ಕಸುಬು, ಕಸುಬಿನಲ್ಲಿ ಇಷ್ಟೆಲ್ಲ ನಡೆಯುತ್ತೆ, ಜನಕ್ಕೇನು ನಷ್ಟ?" ಎಂದುಬಿಟ್ಟ.

"ಖರೇನ ಅಂತಾನ್ರಿ," ಎಂದ ಕರೀಮ ಸಾಬ. "ಅಂವ ಉಸಿರ ಕದ್ರ ನನ್ನ ಚಹಾದಾಗಿನ ಸಕ್ಕರಿ ಕಡಿಮಿ ಆಗ್ತದೇನು?"

"ಸಕ್ಕರಿ ನೀವು ಮೊದ್ಲ ಕಡಿಮಿ ಹಾಕ್ತೀರಿ," ಎಂದೆ ನಾನು.

ಎಲ್ಲರೂ ನಕ್ಕರು. ಮಡೆಪ್ಪ ನಗಲಿಲ್ಲ. ಕಪ್ಪು ಕೆಳಗಿಟ್ಟು, "ಒಬ್ಬನ ಉಸಿರಿನ ಮ್ಯಾಲ ಎಷ್ಟ ಮನಿ ನಿಂತಿರ್ತಾವ, ನಿಮಗ ಗೊತ್ತಿಲ್ರಿ ಸಾಬ," ಎಂದು ಎದ್ದುಹೋದ. ಕರೀಮ ಸಾಬ ಆ ಕಪ್ಪನ್ನು ಬೆಳಕಿಗೆ ಹಿಡಿದು ನೊಣ ಬಿದ್ದಿದೆಯೇ ಎಂದು ಎರಡು ಸಲ ನೋಡಿದ.

ಮರುದಿನ ಬೆಳಿಗ್ಗೆ ಮಡೆಪ್ಪನ ಬಚ್ಚಲಿನಿಂದ ಕಬಡ್ಡಿ ಕಬಡ್ಡಿ ಎಂಬ ಮಂತ್ರ, ಅದರ ಹಿಂದೆ ಕೆಮ್ಮು. ಮೂರನೆಯ ದಿನ ಶಿವಕಾಂತಾ ತಡೆಯಲಾರದೆ ಕೇಳಿಯೇಬಿಟ್ಟಳು. ಗೋಡೆಗೆ ಕಿವಿ ಇಡುವ ಅಭ್ಯಾಸ ನನಗಿಲ್ಲ. ಆವತ್ತು ಆ ಗೋಡೆಗೆ ಒಂದು ಮೊಳೆ ಹೊಡೆಯುವುದಿತ್ತು, ಅಷ್ಟೆ.

"ಏನಾಗ್ಯಾದ್ರಿ ನಿಮಗ?"

"ಶಿವಕಾಂತಾ, ನಾ ಸಂತಪುರಕ್ಕ ಹೋಗಬೇಕು."

"ಸಂತಪುರದಾಗ ನಮ್ಮವ್ರು ಯಾರದಾರ?"

"ಹರೇದಾಗ ಭಾಳ ಜೀವಾ ಇಟ್ಟಿದ್ದೆ. ಮೋಸಾ ಮಾಡ್ದೆ. ಮೂವತ್ತೈದ ವರ್ಷ ಆತು, ಒಂದ ದಿನಾನೂ ಮರ್ತಿಲ್ಲ."

ಒಂದು ಪಾತ್ರೆ ಕೆಳಗೆ ಬಿತ್ತು. ಹಿತ್ತಾಳೆಯದು, ಶಬ್ದದ ಮೇಲೆ ಹೇಳುತ್ತೇನೆ. ಯಾರಿಗೆ ಮೋಸ ಎಂದು ಅವಳು ಕೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಇಂಥ ಮಾತು ಕೇಳಿದ ಹೆಂಡತಿ ಪ್ರಶ್ನೆ ಕೇಳುವುದಿಲ್ಲ, ತವರಿಗೆ ಫೋನು ಮಾಡುತ್ತಾಳೆ.

ಭಾಲ್ಕಿಯಿಂದ ತಮ್ಮ ಬರುವುದರೊಳಗೆ ವಿಷಯ ಎದುರುಮನೆಯ ನಾಜಿಯಾಳಿಗೆ ತಲುಪಿತು. ನಾಜಿಯಾ ಒಳ್ಳೆಯ ಹೆಣ್ಣುಮಗಳು, ಯಾರ ಗುಟ್ಟನ್ನೂ ಸುಮ್ಮನೆ ಹೊರಗೆ ಹಾಕುವವಳಲ್ಲ. ಪ್ರತಿಯೊಬ್ಬರ ಹತ್ತಿರವೂ ಆಣೆ ಹಾಕಿಸಿಕೊಂಡೇ ಹೇಳಿದಳು. ಮಧ್ಯಾಹ್ನ ನಾನು ನಳದ ಹತ್ತಿರ ನಿಂತಾಗ ನನಗೂ ಆಣೆ ಹಾಕಿಸಿದಳು.

"ಮಾಸ್ತರ, ಶಿವಕಾಂತಾ ಅಕ್ಕಾಗ ಭಾಳ ತ್ರಾಸ ಆಗ್ಯಾದ್ರಿ. ಅವರ ಮನಿಯವರಿಗೆ ಸಂತಪುರದಾಗ ಇನ್ನೊಂದು ಮನಿ ಅದ ಅಂತ."

"ಮಡೆಪ್ಪಗ? ಅವಗ ಒಂದ ಮನಿ ಬೀಗದ ಕೈ ಸಿಗಂಗಿಲ್ಲ, ಎರಡ್ನೇದ್ದ ಎಲ್ಲಿ ಇಟ್ಟಿರ್ತಾನವ್ವಾ?"

"ಅದಕ್ಕ ಮೂವತ್ತೈದ ವರ್ಷ ಗೊತ್ತಾಗಿಲ್ಲ ನೋಡ್ರಿ," ಎಂದಳು ನಾಜಿಯಾ.

ಸಂಜೆ ಅಮಿತಕುಮಾರ ಬಂದ. ಶಿವಕಾಂತಾಳ ಕಿರಿಯ ತಮ್ಮ, ಭಾಲ್ಕಿ ಕೋರ್ಟಿನಲ್ಲಿ ವಕೀಲ. ಚಹಾ ಬೇಡ ಎಂದ, ಖುರ್ಚಿ ಎಳೆದು ಶೀಲ್ಡಿನ ಕೆಳಗೇ ಕೂತ. ಸಾಕ್ಷಿಗೆ ಇರಲಿ ಎಂದು ನನ್ನನ್ನೂ ಕರೆಸಿದರು. ಮಡೆಪ್ಪ ತಲೆ ತಗ್ಗಿಸಿ ನಿಂತಿದ್ದ. ಮೋಸದ ಶೀಲ್ಡು ತೋರಿಸಿ ಮದುವೆಯಾದದ್ದು ಹೆಂಡತಿಯ ತಮ್ಮನಿಗೆ ತಿಳಿದುಹೋಯಿತು, ಬಂದು ಬಯ್ಯುವುದು ನ್ಯಾಯವೇ ಎಂದು ಈ ಪುಣ್ಯಾತ್ಮ ತಿಳಿದಿದ್ದ. ಅದು ನನಗೆ ಆಮೇಲೆ ಗೊತ್ತಾಯಿತು. ಆ ಹೊತ್ತಿಗೆ ನನಗೂ ಉಳಿದವರಿಗೆ ತಿಳಿದಷ್ಟೇ ತಿಳಿದಿತ್ತು.

"ಮಾವಾರ, ಸೀದಾ ಹೇಳ್ರಿ. ಎಷ್ಟ ವರ್ಷದ್ದು?"

"ಮೂವತ್ತೈದು."

"ಅಂದ್ರ ಮದುವಿಕಿಂತ ಮೊದಲ. ನಮ್ಮಪ್ಪಗ ಯಾಕ ಹೇಳ್ಲಿಲ್ಲ?"

"ಹೇಳಿದ್ರ ನಿಮ್ಮಪ್ಪ ಹೆಣ್ಣ ಕೊಡ್ತಿದ್ನೇನು?"

ಒಳಗಿನಿಂದ ಶಿವಕಾಂತಾ ಅಳುವ ಸದ್ದು. ಅಮಿತಕುಮಾರ ಪೆನ್ನು ತೆಗೆದ.

"ಆ ಪಾರ್ಟಿಗೆ ಏನಂತ ವಚನ ಕೊಟ್ಟಿದ್ರಿ?"

"ಮಣ್ಣ ಮುಟ್ಟಿ ಹೇಳಿದ್ದೆ. ಎಲ್ಲಾರ ಮುಂದ. ಸುಳ್ಳ ಹೇಳಿದ್ದೆ."

"ಸಾಕ್ಷಿ ಅದಾರೇನು?"

"ಮೈದಾನದ ತುಂಬ ಜನಾ ಇದ್ರಲ್ಲೋ."

ಅಮಿತಕುಮಾರನ ಪೆನ್ನು ನಿಂತಿತು. ವಕೀಲಿಯಲ್ಲಿ ಎಂಥೆಂಥ ಸಂಬಂಧ ನೋಡಿದ್ದಾನೋ, ಮೈದಾನದಲ್ಲಿ ಜನ ಸೇರಿಸಿ ಕಟ್ಟಿಕೊಂಡದ್ದನ್ನು ಮಾತ್ರ ಅವನು ಕಂಡಿರಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ, "ಇದು ಹೊರಗ ಬಿದ್ರ ನೌಕರಿಗೂ ಪೆಟ್ಟ ಅದ. ಬಾಯಿ ಮುಚ್ಕೊಂಡ ಕೂಡ್ರಿ. ಸಂತಪುರದ ಕಡಿ ಹೋಗಬ್ಯಾಡ್ರಿ," ಎಂದ.

"ನೌಕರಿ ಹೋದ್ರ ಹೋಗ್ಲಿ," ಎಂದ ಮಡೆಪ್ಪ. "ಒಮ್ಮಿ ಮಾರಿ ನೋಡಿ ಬರ್ತೇನಿ."

ಐವತ್ತೆಂಟರ ವಯಸ್ಸಿನಲ್ಲಿ ಯಾರನ್ನಾದರೂ ಇಷ್ಟು ನೆನೆಯಬಹುದು ಎಂಬುದೇ ನನಗೆ ತಿಳಿದಿರಲಿಲ್ಲ. ಸಂತಪುರದ ಆ ಹೆಣ್ಣುಮಗಳ ಮೇಲೆ ನನಗೆ ಒಂದು ಕ್ಷಣ ಗೌರವವೂ ಹುಟ್ಟಿತು. ಇದನ್ನು ಶಿವಕಾಂತಾಳಿಗೆ ನಾನು ಇನ್ನೂ ಹೇಳಿಲ್ಲ.

ರವಿವಾರ ಬೆಳಿಗ್ಗೆ ಮಡೆಪ್ಪ ನನ್ನ ಬಾಗಿಲು ಬಡಿದ. ಕಂಕುಳಲ್ಲಿ ಒಂದು ದೊಡ್ಡ ಗಂಟು, ಶಿವಕಾಂತಾಳ ಹಸಿರು ಸೀರೆಯಲ್ಲಿ ಸುತ್ತಿದ್ದು. "ಮಾಸ್ತರ, ಒಬ್ಬನ ಹೋಗ್ಲಿಕ್ಕ ಕಾಲ ಏಳವಲ್ವು. ಬರ್ರಿ," ಎಂದ. ಬರುವುದಿಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಕಿಟಕಿಯಲ್ಲಿ ಶಿವಕಾಂತಾ ಕಾಣಿಸಿದಳು. ಗಂಡನ ಕಂಕುಳಲ್ಲಿ ತನ್ನ ಸೀರೆ ಸಂತಪುರಕ್ಕೆ ಹೊರಟಿರುವುದನ್ನು ನೋಡುತ್ತಿದ್ದಳು. ಅವಳ ಕಣ್ಣಿಗೆ ಬೀಳುವುದಕ್ಕಿಂತ ಬಸ್ಸು ಹತ್ತುವುದೇ ಕ್ಷೇಮ ಎನಿಸಿತು.

ಔರಾದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಮೇಲೆ ನಾನು ಮೆಲ್ಲಗೆ ಕೇಳಿದೆ. "ಹೆಸರೇನಪಾ ಅವರದು?"

"ವಾಹೀದ. ಅಬ್ದುಲ ವಾಹೀದ."

ನಾನು ಸ್ವಲ್ಪ ದೂರ ಸರಿದು ಕೂತೆ. ಆಮೇಲೆ ಅವನು ಗಂಟಿನ ತುದಿ ಬಿಚ್ಚಿ ಶೀಲ್ಡು ತೋರಿಸಿದ. ಅರ್ಧ ದಾರಿ ಮುಗಿಯುವುದರೊಳಗೆ ಎಲ್ಲ ಹೇಳಿದ.

ಇಬ್ಬರೂ ಬೀದರಿನ ಕಾಲೇಜಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ಸೈಕಲ್ಲು ಒಂದೇ. ಒಬ್ಬ ತುಳಿದರೆ ಒಬ್ಬ ಹಿಂದೆ ಕೂತು ಉಸಿರು ಹಿಡಿದು ಕಬಡ್ಡಿ ಎನ್ನುವುದು, ಕೋಟೆಯ ಬಾಗಿಲಿನಿಂದ ಕೋಣೆಯವರೆಗೆ ಉಸಿರು ಉಳಿಯಬೇಕು. ಮಡೆಪ್ಪ ಭಾಲ್ಕಿ ತಂಡಕ್ಕೆ ಆಡಿದ, ವಾಹೀದ ಔರಾದಕ್ಕೆ. ಫೈನಲ್ಲಿನ ಕೊನೆಯ ದಾಳಿಯಲ್ಲಿ ವಾಹೀದ ಇವನನ್ನು ತೆಕ್ಕೆಯಲ್ಲಿ ಹಿಡಿದು ಕೆಡವಿದ. ಇವನು ಕೆಂಪುಮಣ್ಣಿನಲ್ಲಿ ತೆವಳಿ ಗೆರೆ ಮುಟ್ಟಿದ. ಆದರೆ ಗೆರೆ ಇನ್ನೂ ಒಂದು ಗೇಣು ಇರುವಾಗಲೇ ಉಸಿರು ಹೋಗಿತ್ತು. ಆಗೆಲ್ಲ ಮೈಕು ಎಲ್ಲಿ? ಅಂಪೈರಿಗೆ ಸಂಶಯ ಬಂದರೆ ಆಟಗಾರನನ್ನೇ ಕೇಳುವುದು, ಅವನು ಗೆರೆಯ ಮಣ್ಣು ಮುಟ್ಟಿ ಹೇಳುವುದು, ಹೇಳಿದ್ದೇ ತೀರ್ಪು. ಅದು ಇಲ್ಲಿಯ ಪದ್ಧತಿ.

"ನಾ ಮಣ್ಣ ಮುಟ್ಟಿ, ಉಸಿರ ಬಿಟ್ಟಿಲ್ಲ ಅಂದೆ ಮಾಸ್ತರ. ಆಮ್ಯಾಲ ವಾಹೀದಗ ಕೇಳಿದ್ರು. ಅವನ ಕಿವಿ ನನ್ನ ಬಾಯಿ ಹತ್ರನ ಇತ್ತು. ಅಂವ ಕೇಳಸ್ಲಿಲ್ಲ ಅಂದ. ಎದ್ದು, ಮೈ ಝಾಡಿಸ್ಕೊಂಡು ಹೋದ. ಕೋಣಿಗೂ ಬರ್ಲಿಲ್ಲ. ಟ್ರಂಕ ಒಯ್ಲಿಕ್ಕ ಅವರ ಅಣ್ಣ ಬಂದಿದ್ದ."

"ನೀ ಹೋಗಿ ಮಾತಾಡ್ಸಬೇಕಿತ್ತು."

"ಏನಂತ ಮಾತಾಡ್ಸ್ಲಿ?"

ಡಿಪೋದಲ್ಲಿ ಔರಾದ ರೂಟು ತನಗೆ ಹಾಕಬೇಡಿ ಎಂದು ಅವನು ಮೂವತ್ತನಾಲ್ಕು ವರ್ಷ ಕೈ ಮುಗಿದಿದ್ದಾನೆ. ಆದರೆ ಬೀದರ ಬಸ್ಟ್ಯಾಂಡಿನಲ್ಲಿ ಔರಾದ ಬಸ್ಸು ಬಂದು ನಿಂತರೆ ಹತ್ತಿರ ಹೋಗುತ್ತಾನೆ, ಇಳಿಯುವವರನ್ನು, "ಸಂತಪುರದವ್ರೇನ್ರಿ? ವಾಹೀದನ ಗಿರಣಿ ನಡ್ದದೇನ್ರಿ?" ಎಂದು ಕೇಳುತ್ತಾನೆ. ನಡೆದಿದೆ ಎನ್ನುತ್ತಾರೆ. ಅಷ್ಟು ಕೇಳಿ ವಾಪಸು ಬಂದು ತನ್ನ ಬಸ್ಸು ಹತ್ತುತ್ತಾನೆ. ಇಷ್ಟು ಹೇಳಿ ಮಡೆಪ್ಪ ಕಿಟಕಿಯ ಕಡೆ ತಿರುಗಿದ. ನಾನು ಬಿಚ್ಚಿದ ಗಂಟಿನ ತುದಿಯನ್ನು ಮತ್ತೆ ಕಟ್ಟಿದೆ.

ಬಸ್ಸಿನ ಹಿಂದೆ ಅಮಿತಕುಮಾರನ ಬಿಳಿ ಕಾರು ಬರುತ್ತಿದ್ದದ್ದನ್ನು ನಾವು ನೋಡಲಿಲ್ಲ.

ಸಂತಪುರದ ಗಿರಣಿ ರಸ್ತೆಗೇ ಇದೆ. ರವಿವಾರವಾದ್ದರಿಂದ ಜೋಳದ ಚೀಲ, ಡಬ್ಬಿ ಇಟ್ಟುಕೊಂಡು ಹೆಂಗಸರು ಸಾಲಾಗಿ ನಿಂತಿದ್ದರು. ಗಿರಣಿಯ ಬೆಲ್ಟು ಓಡುವ ಗದ್ದಲಕ್ಕೆ ಪಕ್ಕದವರು ಕಿವಿಯಲ್ಲಿ ಕೂಗಿದರೂ ಕೇಳುವಂತಿರಲಿಲ್ಲ. ಒಳಗೆ ಹಿಟ್ಟಿನಲ್ಲಿ ಬೆಳ್ಳಗಾದ ಒಬ್ಬ ಮನುಷ್ಯ ಬಗ್ಗಿ ಕೆಲಸ ಮಾಡುತ್ತಿದ್ದ. ಕೂದಲು ನರೆತದ್ದೋ ಹಿಟ್ಟೋ ತಿಳಿಯುತ್ತಿರಲಿಲ್ಲ. ಬಾಗಿಲಲ್ಲಿ ಅವನ ಹೆಂಡತಿ ಅಕ್ತರಬೀ ಕಾಳು ತೂಗಿ ತೆಗೆದುಕೊಳ್ಳುತ್ತಿದ್ದಳು. ಮಡೆಪ್ಪನನ್ನು ಗಿರಾಕಿ ಎಂದು ತಿಳಿದು ಅವಳು ಎರಡೂ ಕೈ ಚಾಚಿದಳು. ಗಾಬರಿಯಲ್ಲಿದ್ದ ಮಡೆಪ್ಪ ಸೀರೆಯ ಗಂಟನ್ನು ಆ ಕೈಗೆ ಕೊಟ್ಟ.

ಸರಿಯಾಗಿ ಅದೇ ಗಳಿಗೆಗೆ ಶಿವಕಾಂತಾ ಕಾರಿನಿಂದ ಇಳಿದಳು.

ಅವಳು ಏನಂದಳು ಎಂಬುದು ಗಿರಣಿಯ ಸದ್ದಿನಲ್ಲಿ ಕೇಳಲಿಲ್ಲ, ಅದು ಎಲ್ಲರ ಪುಣ್ಯ. ಬಂದವಳೇ ಸೀರೆಯ ಒಂದು ತುದಿ ಹಿಡಿದು ಎಳೆದಳು. ಅಕ್ತರಬೀ ಇನ್ನೊಂದು ತುದಿ ಬಿಡಲಿಲ್ಲ. ಗಿರಣಿಗೆ ಬಂದ ಚೀಲವನ್ನು ಸಾಲು ಮುರಿದು ಕಸಿಯಲು ಬಂದವರನ್ನು ಅವಳು ಜೀವಮಾನದಲ್ಲಿ ಬಿಟ್ಟವಳಲ್ಲ. ಸೀರೆ ಸುತ್ತು ಸುತ್ತಾಗಿ ಬಿಚ್ಚಿಕೊಂಡು ಶೀಲ್ಡು ನೆಲಕ್ಕೆ ಬಿತ್ತು. ಶಿವಕಾಂತಾ ಶೀಲ್ಡನ್ನು ನೋಡಿದಳು, ಅಕ್ತರಬೀಯನ್ನು ನೋಡಿದಳು, ತಮ್ಮನನ್ನು ನೋಡಿದಳು. ತಮ್ಮ ನನ್ನನ್ನು ನೋಡಿದ. ನಾನು ಗಿರಣಿಯೊಳಗೆ ಕೈ ತೋರಿಸಿದೆ.

ಒಳಗೆ ಮಡೆಪ್ಪ ವಾಹೀದನ ಎದುರಿಗೆ ನಿಂತು ಏನೋ ಹೇಳುತ್ತಿದ್ದ. ವಾಹೀದ ಕಿವಿಗೆ ಕೈ ಹಚ್ಚಿ, ಕೇಳುವುದಿಲ್ಲ ಎಂದು ಸನ್ನೆ ಮಾಡಿದ. ಮಡೆಪ್ಪ ಇನ್ನಷ್ಟು ಜೋರಾಗಿ ಹೇಳಿದ. ವಾಹೀದ ಮತ್ತೆ ಕಿವಿಗೆ ಕೈ ಹಚ್ಚಿದ. ಮಡೆಪ್ಪ ಎದೆ ತುಂಬ ಉಸಿರು ಎಳೆದುಕೊಂಡು ಬಾಯಿ ತೆರೆದ. ಅದೇ ಹೊತ್ತಿಗೆ ವಾಹೀದನ ಇನ್ನೊಂದು ಕೈ ಸದ್ದಿಲ್ಲದೆ ಗೋಡೆಯ ಸ್ವಿಚ್ಚಿಗೆ ಹೋಯಿತು. ಬೆಲ್ಟು ನಿಂತಿತು.

"ನಾ ಉಸಿರ ಬಿಟ್ಟಿದ್ದೆ. ಮಣ್ಣ ಮುಟ್ಟಿ ಸುಳ್ಳ ಹೇಳ್ದೆ. ಶೀಲ್ಡ ನಿಮ್ಮದು."

ಸಂತಪುರದ ಬಸ್ ಸ್ಟಾಪಿನವರೆಗೆ ಕೇಳಿಸಿತು. ಸಾಲಿನಲ್ಲಿದ್ದ ಹೆಂಗಸರು ತಿರುಗಿದರು. ಎದುರಿನ ಹೋಟೆಲಿನಿಂದ ಹಸಿರು ಟವೆಲಿನ ಒಬ್ಬ ಮುದುಕ ಕಪ್ಪು ಕೈಯಲ್ಲಿ ಹಿಡಿದೇ ಎದ್ದು ಬಂದ.

ಮೊದಲು ಮಾತಾಡಿದವನು ಅಮಿತಕುಮಾರ. "ಅಂದ್ರ ಇದು ಕಬಡ್ಡಿ ಮಾತೇನ್ರಿ ಮಾವಾರ? ಒಂದ ಉಸಿರಿಗೆ ನಾ ಎರಡ ಕೇಸ ಬಿಟ್ಟ ಬಂದೇನಿ. ಆಟ ಅಲ್ಲೇನ್ರಿ ಅದು? ಇಷ್ಟಕ್ಕ?"

"ಆಟ ನಿಮಗ್ರಿ," ಎಂದಳು ಅಕ್ತರಬೀ. ಸೀರೆಯ ತುದಿ ಇನ್ನೂ ಅವಳ ಕೈಯಲ್ಲೇ ಇತ್ತು. "ನಾ ಲಗ್ನಾಗಿ ಬಂದಾಗ ಇಲ್ಲಿ ಜನಾ ಇವರಿಗೆ ಮಾರ್ಕೊಂಡ ವಾಹೀದ ಅಂತಿದ್ರು. ಬಾಯಿ ಹತ್ರ ಕಿವಿ ಇಟ್ಕೊಂಡೂ ಕೇಳಸ್ಲಿಲ್ಲ ಅಂದ, ಭಾಲ್ಕಿ ಮಂದಿ ಕಡಿಂದ ತಿಂದಾನ ಅಂತ. ಇಗೋ, ಅಮೀರ ಪಾಶಾ ಭಾಯಿ ನಿಂತಾರ ನೋಡ್ರಿ. ಔರಾದ ಟೀಮಿನ ಕ್ಯಾಪ್ಟನ್. ಮನಿ ಇಲ್ಲೇ ಹಿಂದ ಅದ. ಮೂವತ್ತೈದ ವರ್ಷ ಜ್ವಾಳಾ ಬೀಸ್ಲಿಕ್ಕ ಬಸ್ ಹತ್ತಿ ಔರಾದಕ್ಕ ಹೋಗ್ತಾರ. ಅವರ ಓಣಿ ಮಂದಿ ಎಲ್ಲಾ ಅಲ್ಲೇ ಹೋಗ್ತಾರ."

ಮಡೆಪ್ಪನಿಗೆ ಇದು ಗೊತ್ತಿರಲಿಲ್ಲ. ಬಸ್ಟ್ಯಾಂಡಿನಲ್ಲಿ ಗಿರಣಿ ನಡೆದಿದೆಯೇ ಎಂದು ಕೇಳಿದವನು ಯಾರು ಯಾರು ಬರುತ್ತಾರೆ ಎಂದು ಕೇಳಿರಲಿಲ್ಲ. ಅವನು ಅಲ್ಲೇ ಒಂದು ಜೋಳದ ಚೀಲದ ಮೇಲೆ ಕುಸಿದು ಕೂತ. ಚೀಲ ಯಾರದೋ ಹೆಣ್ಣುಮಗಳದು, ಆದರೂ ಅವಳು ಏಳು ಎನ್ನಲಿಲ್ಲ.

ಶಿವಕಾಂತಾ ಮುಂದೆ ಬಂದು ಶೀಲ್ಡನ್ನು ಎತ್ತಿ, ಸೆರಗಿನಿಂದ ಹಿಟ್ಟು ಒರೆಸಿದಳು.

"ನಮ್ಮಪ್ಪ ಇದರ ಮಾರಿ ನೋಡಿ ನನ್ನ ಕೊಟ್ಟ. ಮೂವತ್ತ ವರ್ಷ ನಾ ಇದರ ಧೂಳ ಒರಸೇನಿ."

"ಹೌದು," ಎಂದ ಮಡೆಪ್ಪ.

"ಕೊಟ್ಟ ಬಿಡ್ರಿ. ನಾ ಹ್ಯಾಂಗೂ ಬಂದ ಬಿಟ್ಟೇನಿ." ಆಮೇಲೆ ಸ್ವರ ತಗ್ಗಿಸಿ, "ಸೀರಿ ಮಾತ್ರ ನನಗ ಬೇಕು," ಎಂದಳು. ಅಕ್ತರಬೀ ಆಗ ತುದಿ ಬಿಟ್ಟಳು.

ವಾಹೀದ, ಶಿವಕಾಂತಾ ಚಾಚಿದ ಶೀಲ್ಡನ್ನು ನೋಡಿ, "ಇದನ್ನ ತಗೊಂಡ ಏನ ಬೀಸ್ಲಿ ತಂಗಿ?" ಎಂದ. ಮಡೆಪ್ಪನ ಕಡೆ ನೋಡಲಿಲ್ಲ.

ಆಗ ಅಮೀರ ಪಾಶಾ ಕಪ್ಪನ್ನು ಕಟ್ಟೆಯ ಮೇಲಿಟ್ಟ. ಮುದುಕನ ಬೆನ್ನು ಬಾಗಿತ್ತು, ಧ್ವನಿ ಮಾತ್ರ ಕ್ಯಾಪ್ಟನ್ನಿನದೇ.

"ಬಾಯಿ ಮಾತ ನಾ ನಂಬಂಗಿಲ್ಲ. ಆವತ್ತೂ ಬಾಯಿಲೇ ಹೇಳಿದ್ರಿ. ಗೆರಿ ಹೊಡೀರಿ."

ಎಲ್ಲರೂ ನನ್ನನ್ನು ನೋಡಿದರು. ನಾನು ಡ್ರಾಯಿಂಗ್ ಮಾಸ್ತರ ಎಂದು ಇವರಿಗೆ ಹೇಳಿದವರು ಯಾರು ಎಂಬುದು ಇಂದಿಗೂ ಬಗೆಹರಿದಿಲ್ಲ. ಸ್ಕೇಲಿಲ್ಲ, ದಾರವಿಲ್ಲ. ಅಕ್ತರಬೀ ಒಂದು ಬೊಗಸೆ ಹಿಟ್ಟು ಕೊಟ್ಟಳು. ಗಿರಣಿಯ ಮುಂದಿನ ಅಂಗಳದಲ್ಲಿ ನಾನು ಬಗ್ಗಿ ಗೆರೆ ಎಳೆದೆ. ಸೊಟ್ಟಗೆ ಬಂತು. ನನ್ನ ಜೀವಮಾನದ ಅತ್ಯಂತ ಕೆಟ್ಟ ಗೆರೆ ಅದು. ಸರಿಪಡಿಸಲು ಯಾರೂ ಬಿಡಲಿಲ್ಲ.

ಅಮಿತಕುಮಾರ, "ಮಾವಾರ, ಡಾಕ್ಟರ ಏನಂದಾರ," ಎಂದು ಶುರು ಮಾಡಿದ. ಶಿವಕಾಂತಾ ಅವನ ತೋಳು ಹಿಡಿದು ಹಿಂದೆ ನಿಲ್ಲಿಸಿದಳು. ಮಡೆಪ್ಪ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಗೆರೆ ಮುಟ್ಟಿ ಹಣೆಗೆ ಹಚ್ಚಿಕೊಂಡ. ಆಚೆ ವಾಹೀದ ಮೊಣಕಾಲ ಮೇಲೆ ಕೈಯಿಟ್ಟು ನಿಂತ. ಸಾಲಿನಲ್ಲಿದ್ದ ಹೆಂಗಸರು ತಮ್ಮ ಡಬ್ಬಿಗಳನ್ನು ಎತ್ತಿಕೊಂಡು ಜಾಗ ಮಾಡಿಕೊಟ್ಟರು.

ಕಬಡ್ಡಿ ಕಬಡ್ಡಿ ಎನ್ನುತ್ತ ಮಡೆಪ್ಪ ಒಳಗೆ ಹೋದ. ಹೊಟ್ಟೆ ಒಂದು ಹೆಜ್ಜೆ ಮುಂದೆ, ಅವನು ಒಂದು ಹೆಜ್ಜೆ ಹಿಂದೆ. ನಾಲ್ಕು ಹೆಜ್ಜೆಗೆ ಧ್ವನಿ ಸಣ್ಣಗಾಯಿತು. ಕೈ ಚಾಚಿ ವಾಹೀದನ ಹೆಗಲು ಮುಟ್ಟಿ ಹಿಂದಕ್ಕೆ ತಿರುಗಿದ. ವಾಹೀದ ಧಡಕ್ಕನೆ ಬಂದು ಅವನನ್ನು ತೆಕ್ಕೆಯಲ್ಲಿ ಹಿಡಿದ. ಇಬ್ಬರೂ ಒಟ್ಟಿಗೆ ಬಿದ್ದರು. ಹಿಟ್ಟೂ ಧೂಳೂ ಎದ್ದಿತು. ಮಡೆಪ್ಪ ತೆವಳಿದ, ವಾಹೀದನನ್ನೂ ಎಳೆದುಕೊಂಡೇ ತೆವಳಿದ. ಕಬಡ್ಡಿ ಎಂಬುದು ಬ, ಡ್ಡಿ ಎಂದಾಗಿ ಆಮೇಲೆ ಏನೂ ಕೇಳಿಸಲಿಲ್ಲ. ಬೆರಳು ಬಂದು ನನ್ನ ಸೊಟ್ಟ ಗೆರೆಯ ಮೇಲೆ ಬಿತ್ತು.

ಅಮೀರ ಪಾಶಾ ಮೆಲ್ಲಗೆ ಬಗ್ಗಿದ.

"ಗೆರಿ ಮುಟ್ಟಿ ಹೇಳು. ಉಸಿರ ಬಿಟ್ಟೇನು?"

ಮಡೆಪ್ಪನ ಕಣ್ಣಲ್ಲಿ ನೀರು. ಬೆರಳಿಗೆ ಹಿಟ್ಟು ಹತ್ತಿತ್ತು.

"ಬಿಟ್ಟೆ."

"ವಾಹೀದ, ನಿನಗ ಕೇಳಸ್ತೇನು?"

ವಾಹೀದನ ಮುಖ ಮಡೆಪ್ಪನ ಹೆಗಲ ಮೇಲಿತ್ತು.

"ಕೇಳಸ್ತು ಭಾಯಿ. ಆವತ್ತೂ ಕೇಳಿಸಿತ್ತು."

"ಮತ್ತ ಯಾಕ ಇಲ್ಲ ಅಂದಿ? ಇಷ್ಟ ವರ್ಷ ನನ್ನ ಕಡಿಂದ ಯಾಕ ಬೈಸ್ಕೊಂಡಿ?"

"ಅಂಪೈರ ಮೊದಲ ಇವಗ ಕೇಳಿದ್ರು. ಇಂವ ಮಣ್ಣ ಮುಟ್ಟಿ ಬಿಟ್ಟಿಲ್ಲ ಅಂದ. ನಾ ಹೌದಂದ್ರ ದೋಸ್ತ ಸುಳ್ಳ ಆಗ್ತಿದ್ದ." ಅವನು ಉಸಿರು ಎಳೆದುಕೊಂಡ. "ಇಂದಲ್ಲ ನಾಳಿ ತಾನ ಬಂದು ಹೇಳ್ತಾನ ಅಂತ ತಿಳ್ಕೊಂಡೆ. ಅದಕ್ಕ ನಾನೂ ಹೋಗ್ಲಿಲ್ಲ."

ಅಮೀರ ಪಾಶಾ ನೆಟ್ಟಗೆ ನಿಲ್ಲಲು ಗೋಡೆ ಹಿಡಿದುಕೊಂಡ. ಟವೆಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಅಕ್ತರಬೀಯ ಕಡೆ ತಿರುಗಿ, "ನಾಳಿ ಜ್ವಾಳಾ ತರ್ತೇನವ್ವಾ. ಸಣ್ಣಗ ಬೀಸಲಿಕ್ಕ ಹೇ‍ಳು," ಎಂದ.

ರಸ್ತೆಯಲ್ಲಿ ಬೀದರ ಬಸ್ಸು ಬಂದು ನಿಂತು ಹಾರ್ನು ಹೊಡೆಯಿತು. ಕಂಡಕ್ಟರ್ ನಮ್ಮ ಮಡೆಪ್ಪನ ಡಿಪೋದವನೇ. ನೆಲದ ಮೇಲಿದ್ದ ಮನುಷ್ಯನನ್ನು ಗುರುತಿಸಿ ಕೆಳಗಿಳಿದು ಬಂದ, ಶಿವಕಾಂತಾಳ ಮುಖ ನೋಡಿ ಹಾಗೇ ವಾಪಸು ಹೋದ.

"ಬಿಡೋ ಇನ್ನ," ಎಂದ ಮಡೆಪ್ಪ ನೆಲದ ಮೇಲಿನಿಂದ. "ಔಟಾದೆನಲ್ಲ."

"ಬಿಡಂಗಿಲ್ಲ," ಎಂದ ವಾಹೀದ.